ರುಮಟಾಯ್ಡ್ ಸಂಧಿವಾತ ಮತ್ತು ಕೆಂಪು ರಕ್ತಕಣ: ಪದೇ ಪದೇ ಕೇಳುವ ಪ್ರಶ್ನೆಗಳು

ರುಮಟಾಯ್ಡ್ ಸಂಧಿವಾತ ಇರುವವರು ಮತ್ತು ಅವರ ಮನೆಯವರು ಮಾತುಕತೆಯಲ್ಲಿ, ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಪ್ರಶ್ನೆಗಳನ್ನು ಆದಷ್ಟೂ ಕೇಳಿದವರ ಮಾತಿನಲ್ಲೇ ಉಳಿಸಿಕೊಂಡಿದ್ದೇನೆ. ಯಾವ ಉತ್ತರವನ್ನು ಬೇಕಾದರೂ ಬಿಡಿಯಾಗಿ ಓದಬಹುದು. ಈ ಕಾಯಿಲೆಯಲ್ಲಿ ಕೀಲನ್ನು ಒಂದು ಕಡೆ, ರಕ್ತವನ್ನು ಇನ್ನೊಂದು ಕಡೆ ಇಟ್ಟು ನೋಡುವುದರಿಂದ ರೋಗಿಗಳಿಗೆ ನಷ್ಟವಾಗುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಔಷಧಿ ಶುರು ಮಾಡುವ, ನಿಲ್ಲಿಸುವ ತೀರ್ಮಾನ ಮಾತ್ರ ನಿಮ್ಮನ್ನು ನೋಡುತ್ತಿರುವ ವೈದ್ಯರ ಜೊತೆ ಕೂತೇ ಆಗಬೇಕು.

## ಮೊದಲ ಪ್ರಶ್ನೆಗಳು

ಇದು ಕೀಲಿನ ಕಾಯಿಲೆ ತಾನೇ? ರಕ್ತಕ್ಕೂ ಇದಕ್ಕೂ ಏನು ಸಂಬಂಧ?

ನೋವು ಕೀಲಿನಲ್ಲಿ ಕಾಣಿಸಿಕೊಂಡರೂ ರುಮಟಾಯ್ಡ್ ಸಂಧಿವಾತ ಇಡೀ ದೇಹದ ಕಾಯಿಲೆ. ರೋಗನಿರೋಧಕ ವ್ಯವಸ್ಥೆ ದಾರಿ ತಪ್ಪಿ ಕೀಲಿನ ಒಳಪೊರೆಯ ಮೇಲೆ ತಿರುಗಿ ಬೀಳುತ್ತದೆ. ಆ ಪೊರೆ ಊದಿ ದಪ್ಪವಾಗಿ ಮೃದ್ವಸ್ಥಿಯನ್ನೂ ಮೂಳೆಯನ್ನೂ ಕೊರೆಯುತ್ತದೆ. ಅಲ್ಲಿ ಹುಟ್ಟುವ ಇಂಟರ್‌ಲ್ಯೂಕಿನ್-6, ಇಂಟರ್‌ಲ್ಯೂಕಿನ್-1, ಟಿಎನ್‌ಎಫ್ ಎಂಬ ಸಂದೇಶ ಪ್ರೋಟೀನುಗಳು ಕೀಲಿನೊಳಗೇ ಉಳಿಯುವುದಿಲ್ಲ. ರಕ್ತದೊಡನೆ ಹರಿದು ಯಕೃತ್ತು, ಅಸ್ಥಿಮಜ್ಜೆ, ಮೂತ್ರಪಿಂಡಗಳನ್ನು ಮುಟ್ಟುತ್ತವೆ. ಕೆಂಪು ರಕ್ತಕಣ ಹುಟ್ಟುವುದು ಅಸ್ಥಿಮಜ್ಜೆಯಲ್ಲಿ. ಅದನ್ನು ಹುಟ್ಟಿಸು ಎಂಬ ಆದೇಶ ಹೊರಡುವುದು ಮೂತ್ರಪಿಂಡದಿಂದ. ಅದಕ್ಕೆ ಬೇಕಾದ ಕಬ್ಬಿಣ ಎಷ್ಟು ಸಿಗಬೇಕೆಂದು ನಿರ್ಧರಿಸುವುದು ಯಕೃತ್ತು. ಈ ಮೂರೂ ಕಡೆ ಉರಿಯೂತದ ಕೈ ಆಡುತ್ತಿರುವಾಗ ರಕ್ತ ಮೊದಲಿನಂತೆ ಇರಲು ಸಾಧ್ಯವಿಲ್ಲ.

ಕೆಂಪು ರಕ್ತಕಣ ಅಂದ್ರೆ ಆಮ್ಲಜನಕ ಹೊರೋದು, ಅಷ್ಟೇ ಅಲ್ವಾ?

ಅದೇ ಮುಖ್ಯ ಕೆಲಸ, ಆದರೆ ಅದೊಂದೇ ಅಲ್ಲ. 7ರಿಂದ 8 ಮೈಕ್ರೊಮೀಟರ್ ಅಗಲದ, ನಡುವೆ ತಗ್ಗಿದ ಈ ಕಣಕ್ಕೆ ಕೋಶಕೇಂದ್ರವೂ ಇಲ್ಲ, ಶಕ್ತಿ ತಯಾರಿಸುವ ಮೈಟೊಕಾಂಡ್ರಿಯವೂ ಇಲ್ಲ. ಹೊಟ್ಟೆಯ ತುಂಬ ಹಿಮೋಗ್ಲೋಬಿನ್. ಆರೋಗ್ಯವಂತರಲ್ಲಿ ಅದರ ಆಯಸ್ಸು ಸುಮಾರು 120 ದಿನ. ಅಸ್ಥಿಮಜ್ಜೆ ಪ್ರತಿ ಸೆಕೆಂಡಿಗೆ ಸುಮಾರು 20 ಲಕ್ಷ ಹೊಸ ಕಣಗಳನ್ನು ತಯಾರಿಸುತ್ತದೆ. ಆಮ್ಲಜನಕದ ಜೊತೆಗೆ ಈ ಕಣಗಳು ರೋಗನಿರೋಧಕ ವ್ಯವಸ್ಥೆಯ ಕಸವನ್ನು ಸಾಗಿಸುತ್ತವೆ, ಉರಿಯೂತದ ಕೆಲವು ಸಂದೇಶಗಳನ್ನು ಹೀರಿಕೊಳ್ಳುತ್ತವೆ, ರಕ್ತ ಹೆಪ್ಪುಗಟ್ಟುವುದರಲ್ಲೂ ಕೈ ಜೋಡಿಸುತ್ತವೆ. ಇವುಗಳ ವಿವರ ಕೊನೆಯ ಭಾಗದಲ್ಲಿದೆ.

ನಂಗೆ ಹಿಮೋಗ್ಲೋಬಿನ್ 10 ಇದೆ. ಈ ಕಾಯಿಲೆ ಇರೋರಿಗೆಲ್ಲ ರಕ್ತ ಕಡಿಮೆ ಆಗುತ್ತಾ?

ಎಲ್ಲರಿಗೂ ಅಲ್ಲ, ಆದರೆ ಬಹಳ ಮಂದಿಗೆ ಆಗುತ್ತದೆ. ಕೀಲಿನಾಚೆ ಈ ಕಾಯಿಲೆ ತರುವ ತೊಂದರೆಗಳಲ್ಲಿ ರಕ್ತಹೀನತೆ ತೀರ ಸಾಮಾನ್ಯವಾದದ್ದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಹಿಮೋಗ್ಲೋಬಿನ್ ಮಹಿಳೆಯರಲ್ಲಿ ಡೆಸಿಲೀಟರಿಗೆ 12 ಗ್ರಾಂ, ಪುರುಷರಲ್ಲಿ 13 ಗ್ರಾಂಗಿಂತ ಕೆಳಗಿದ್ದರೆ ಅದು ರಕ್ತಹೀನತೆ.

ಉರಿಯೂತದಿಂದ ಬರುವ ರಕ್ತಹೀನತೆ ಸಾಧಾರಣವಾಗಿ ನಿಧಾನಕ್ಕೆ ಇಳಿದು 9ರಿಂದ 11ರ ಆಸುಪಾಸಿನಲ್ಲಿ ನಿಲ್ಲುತ್ತದೆ. ನಿಮ್ಮ 10 ಆ ಚೌಕಟ್ಟಿಗೆ ಹೊಂದುತ್ತದೆ. ಹಾಗೆಂದು "ಈ ಕಾಯಿಲೆಯಲ್ಲಿ ಇದು ಇದ್ದದ್ದೇ" ಎಂದು ಕೈಬಿಡುವಂತಿಲ್ಲ. ಹಿಮೋಗ್ಲೋಬಿನ್ 8ಕ್ಕಿಂತ ಕೆಳಗಿಳಿದರೆ, ಅಥವಾ ಕೆಲವೇ ವಾರಗಳಲ್ಲಿ ಸರ್ರನೆ ಇಳಿದರೆ, ಉರಿಯೂತವೊಂದೇ ಕಾರಣವಾಗಿರುವುದು ಅಪರೂಪ. ಹೊಟ್ಟೆಯೊಳಗೆ ಎಲ್ಲಾದರೂ ರಕ್ತ ಸೋರುತ್ತಿದೆಯೇ, ಔಷಧಿ ಅಸ್ಥಿಮಜ್ಜೆಯನ್ನು ಕುಗ್ಗಿಸುತ್ತಿದೆಯೇ, ಕಣಗಳು ಒಡೆಯುತ್ತಿವೆಯೇ ಎಂದು ಹುಡುಕಲೇಬೇಕು. ಬಿ12, ಫೋಲೇಟ್, ಥೈರಾಯ್ಡ್ ಮತ್ತು ಮೂತ್ರಪಿಂಡದ ಪರೀಕ್ಷೆಗಳೂ ಈ ಹುಡುಕಾಟದಲ್ಲಿ ಸೇರುತ್ತವೆ.

ಸುಸ್ತು ಅಂತ ಹೇಳಿದ್ರೆ ಯಾರೂ ಕಿವಿಗೆ ಹಾಕ್ಕೊಳ್ಳಲ್ಲ. ಅದು ರಕ್ತ ಕಡಿಮೆ ಇರೋದಕ್ಕಾ, ಕಾಯಿಲೆಗಾ?

ಎರಡೂ ಸೇರಿರುತ್ತವೆ. ಊತವನ್ನು ಬೆರಳಿಟ್ಟು ತೋರಿಸಬಹುದು, ಸುಸ್ತನ್ನು ತೋರಿಸಲು ಆಗುವುದಿಲ್ಲ. ಹಾಗಾಗಿ ಅದು ಚೀಟಿಯಲ್ಲಿ ಬರೆಯಿಸಿಕೊಳ್ಳದೆ ಉಳಿದುಬಿಡುತ್ತದೆ. ಇದು ನನ್ನನ್ನು ನಿಜಕ್ಕೂ ನೋಯಿಸುವ ವಿಷಯ.

ಹಿಮೋಗ್ಲೋಬಿನ್ ಇಳಿದಾಗ ಸ್ನಾಯುಗಳಿಗೆ ಆಮ್ಲಜನಕ ಕಡಿಮೆ ತಲುಪುತ್ತದೆ. ಮೆಟ್ಟಿಲು ಹತ್ತಿದರೆ ಏದುಸಿರು, ಎದೆ ಹೊಡೆದುಕೊಳ್ಳುವುದು, ನಿಂತಾಗ ತಲೆ ಹಗುರಾಗುವುದು ಇವು ರಕ್ತಹೀನತೆಯ ಕಡೆ ಬೆರಳು ಮಾಡುತ್ತವೆ. ಬೆಳಿಗ್ಗೆ ಎದ್ದಾಗಲೇ ಮೈ ಭಾರ, ಜ್ವರ ಬಂದುಹೋದ ಮೇಲಿನಂಥ ನಿತ್ರಾಣ ಹೆಚ್ಚಾಗಿ ಉರಿಯೂತದ್ದು. ನೋವಿನಿಂದ ಕೆಟ್ಟ ನಿದ್ದೆ, ಖಿನ್ನತೆ, ಬಳಸದೆ ಸೊರಗಿದ ಸ್ನಾಯುಗಳೂ ಪಾಲು ಪಡೆಯುತ್ತವೆ. ರಕ್ತ ಏರಿದ ಮೇಲೂ ಸುಸ್ತು ಉಳಿದಿದ್ದರೆ ಅದು ನಿಮ್ಮ ಕಲ್ಪನೆಯಲ್ಲ. ವೈದ್ಯರಿಗೆ ಬರೀ "ಸುಸ್ತು" ಎನ್ನುವ ಬದಲು ಯಾವ ಕೆಲಸ ಹೋದ ತಿಂಗಳು ಮಾಡಲಾಗುತ್ತಿತ್ತು, ಈಗ ಆಗುತ್ತಿಲ್ಲ ಎಂದು ಹೇಳಿ. ಆ ಮಾತಿಗೆ ತೂಕ ಹೆಚ್ಚು.

## ವರದಿ ಕೈಗೆ ಬಂದಾಗ

ಇಎಸ್‌ಆರ್ ಅಂತ ಪ್ರತಿ ಸಲ ಬರೀತಾರೆ. ಅದು ನಿಜವಾಗಿ ಏನನ್ನು ಅಳೆಯುತ್ತೆ?

ಕೆಂಪು ರಕ್ತಕಣಗಳು ಎಷ್ಟು ಬೇಗ ತಳಕ್ಕೆ ಇಳಿಯುತ್ತವೆ ಎಂಬುದನ್ನು. ಹೆಪ್ಪುಗಟ್ಟದಂತೆ ಸಿಟ್ರೇಟ್ ಬೆರೆಸಿದ ರಕ್ತವನ್ನು 200 ಮಿಲಿಮೀಟರ್‌ವರೆಗೆ ಗುರುತು ಹಾಕಿದ ನೆಟ್ಟನೆಯ ಕೊಳವೆಯಲ್ಲಿ ನಿಲ್ಲಿಸಿ, ಒಂದು ಗಂಟೆಯ ನಂತರ ಮೇಲೆ ಎಷ್ಟು ಮಿಲಿಮೀಟರ್ ತಿಳಿದ್ರವ ಉಳಿದಿದೆ ಎಂದು ಓದುತ್ತಾರೆ. ಪರೀಕ್ಷೆ ಇಷ್ಟು ಸರಳ, ಅದರ ಹಿಂದಿನ ವಿದ್ಯಮಾನ ಸೊಗಸಾದದ್ದು.

ಕೆಂಪುಕಣದ ಮೈಮೇಲೆ ಸಯಾಲಿಕ್ ಆಮ್ಲದ ದೆಸೆಯಿಂದ ಋಣ ವಿದ್ಯುದಂಶ ಇರುತ್ತದೆ. ಎಲ್ಲ ಕಣಗಳಿಗೂ ಒಂದೇ ಬಗೆಯ ವಿದ್ಯುದಂಶವಾದ್ದರಿಂದ ಅವು ಒಂದನ್ನೊಂದು ದೂರ ತಳ್ಳುತ್ತ, ಬಿಡಿಬಿಡಿಯಾಗಿ, ನಿಧಾನವಾಗಿ ಇಳಿಯುತ್ತವೆ. ಉರಿಯೂತ ಇದ್ದಾಗ ಯಕೃತ್ತು ಫೈಬ್ರಿನೊಜೆನ್ ಎಂಬ ಪ್ರೋಟೀನನ್ನು ಹೆಚ್ಚು ತಯಾರಿಸುತ್ತದೆ. ಅದು ಕಣಗಳ ನಡುವೆ ಸೇರಿ ಈ ತಳ್ಳಾಟವನ್ನು ಸೋಲಿಸುತ್ತದೆ. ಕಣಗಳು ನಾಣ್ಯ ಪೇರಿಸಿದಂತೆ ಒಂದರ ಮೇಲೊಂದು ಅಂಟಿಕೊಳ್ಳುತ್ತವೆ. ಗುಂಪು ಭಾರ, ಹಾಗಾಗಿ ಬೇಗ ಇಳಿಯುತ್ತದೆ. ರುಮಟಾಯ್ಡ್ ಸಂಧಿವಾತದಲ್ಲಿ ಹೆಚ್ಚುವ ಪ್ರತಿಕಾಯಗಳೂ ಈ ಪೇರಿಕೆಗೆ ನೆರವಾಗುತ್ತವೆ.

ಪೋಲೆಂಡಿನ ಎಡ್ಮಂಡ್ ಬಿಯೆರ್ನಾಟ್ಸ್ಕಿ 1897ರಲ್ಲೇ ಈ ಇಳಿತಕ್ಕೂ ಫೈಬ್ರಿನೊಜೆನ್‌ಗೂ ನಂಟಿದೆ ಎಂದು ಗುರುತಿಸಿದ್ದರು. 1918ರಲ್ಲಿ ಸ್ವೀಡನ್ನಿನ ರಾಬಿನ್ ಫೋರಿಯಸ್ ಗರ್ಭಿಣಿಯರ ರಕ್ತದಲ್ಲಿ ಇದನ್ನು ಕಂಡರು. 1921ರಲ್ಲಿ ಅದೇ ದೇಶದ ಆಲ್ಫ್ ವೆಸ್ಟರ್‌ಗ್ರೆನ್ ಕ್ಷಯರೋಗಿಗಳ ಮೇಲೆ ಪ್ರಯೋಗಿಸಿ ವಿಧಾನವನ್ನು ಪಕ್ಕಾ ಮಾಡಿದರು. ಇಂದಿಗೂ ವರದಿಯಲ್ಲಿ "ವೆಸ್ಟರ್‌ಗ್ರೆನ್ ವಿಧಾನ" ಎಂದು ಬರುವುದು ಅದಕ್ಕೇ.

ಇಎಸ್‌ಆರ್ ಕೀಲನ್ನು ನೇರವಾಗಿ ನೋಡುವುದೇ ಇಲ್ಲ ಎಂಬುದು ನೆನಪಿರಲಿ. ಅದು ಉರಿಯೂತದ ಸುದ್ದಿಯನ್ನು ಕೆಂಪುಕಣಗಳ ಬಾಯಲ್ಲಿ ಕೇಳುವ ಪರೀಕ್ಷೆ.

ಇಎಸ್‌ಆರ್ 60 ಇದೆ, ಸಿಆರ್‌ಪಿ ಮಾತ್ರ ನಾರ್ಮಲ್. ಯಾವುದನ್ನು ನಂಬಲಿ?

ಎರಡೂ ನಿಜ ಹೇಳುತ್ತಿರಬಹುದು, ಆದರೆ ಬೇರೆ ಬೇರೆ ವಿಷಯದ ಬಗ್ಗೆ. ಸಿಆರ್‌ಪಿ ಎಂಬ ಪ್ರೋಟೀನನ್ನು ಯಕೃತ್ತು ಉರಿಯೂತ ಶುರುವಾದ ಕೆಲವೇ ಗಂಟೆಗಳಲ್ಲಿ ಸುರಿಸುತ್ತದೆ. ಅದರ ಅರ್ಧಾಯುಷ್ಯ ಸುಮಾರು 19 ಗಂಟೆ. ಉರಿಯೂತ ತಗ್ಗಿದರೆ ಅದೂ ಬೇಗ ಬಿದ್ದುಹೋಗುತ್ತದೆ. ಫೈಬ್ರಿನೊಜೆನ್ ದಿನಗಟ್ಟಲೆ, ಪ್ರತಿಕಾಯಗಳು ವಾರಗಟ್ಟಲೆ ಉಳಿಯುತ್ತವೆ, ಹಾಗಾಗಿ ಇಎಸ್‌ಆರ್ ತಡವಾಗಿ ಏರಿ ತಡವಾಗಿ ಇಳಿಯುತ್ತದೆ.

ಅದಕ್ಕಿಂತ ಮುಖ್ಯವಾದ ಮಾತು: ರಕ್ತಹೀನತೆಯೇ ಇಎಸ್‌ಆರ್ ಅನ್ನು ಏರಿಸುತ್ತದೆ. ಕಣಗಳು ವಿರಳವಾಗಿದ್ದಾಗ ಕೆಳಗಿಳಿಯಲು ಅಡ್ಡಿ ಕಡಿಮೆ. ಹಿಮೋಗ್ಲೋಬಿನ್ 9 ಇರುವವರ ಇಎಸ್‌ಆರ್ ಅನ್ನು 13 ಇರುವವರ ಇಎಸ್‌ಆರ್ ಜೊತೆ ನೇರವಾಗಿ ಹೋಲಿಸಬಾರದು. ವಯಸ್ಸೂ ಸೇರುತ್ತದೆ. ಗಂಡಸರಿಗೆ ವಯಸ್ಸಿನ ಅರ್ಧ, ಹೆಂಗಸರಿಗೆ ವಯಸ್ಸಿಗೆ 10 ಕೂಡಿಸಿ ಅದರ ಅರ್ಧ, ಇಷ್ಟನ್ನು ಮೇಲಿನ ಮಿತಿ ಎಂದು ಹಿಡಿಯುವ ಹಳೆಯ ಸೂತ್ರವೊಂದಿದೆ. ಆ ಪ್ರಕಾರ 70 ವರ್ಷದ ಅಜ್ಜಿಗೆ 40 ಬಂದರೆ ಗಾಬರಿಯಿಲ್ಲ. ಬಸಿರಿನಲ್ಲಿ ಇಎಸ್‌ಆರ್ ತಾನಾಗಿ ಏರುತ್ತದೆ. ಕುಡುಗೋಲು ಆಕಾರದ ಕಣಗಳು ಪೇರಿಸಿಕೊಳ್ಳಲಾರವು, ಹಾಗಾಗಿ ಅಂಥ ರಕ್ತದಲ್ಲಿ ಉರಿಯೂತ ಇದ್ದರೂ ಇಎಸ್‌ಆರ್ ಕಡಿಮೆ ಬರಬಹುದು.

ರೋಗದ ತೀವ್ರತೆ ಅಳೆಯುವ ಡಿಎಎಸ್28 ಅಂಕದಲ್ಲಿ ಇಎಸ್‌ಆರ್ ಸೇರಿರುವುದರಿಂದ ಈ ಗೊಂದಲ ಚಿಕಿತ್ಸೆಯ ತೀರ್ಮಾನದವರೆಗೂ ಹೋಗುತ್ತದೆ. 28 ಕೀಲುಗಳಲ್ಲಿ ಊತವಿಲ್ಲ, ನೋವಿಲ್ಲ, ಇಎಸ್‌ಆರ್ ಮಾತ್ರ ಏರಿದೆ ಎಂದಾದರೆ ಔಷಧಿ ಹೆಚ್ಚಿಸುವ ಮೊದಲು ಹಿಮೋಗ್ಲೋಬಿನ್ ಎಷ್ಟಿದೆ ಎಂದು ಕೇಳಿ. ಯಾವ ಕಾರಣವೂ ಹೊಂದದೆ ಇಎಸ್‌ಆರ್ ಬಹಳ ಎತ್ತರದಲ್ಲೇ ಉಳಿದರೆ ವೈದ್ಯರು ರಕ್ತದ ಪ್ರೋಟೀನುಗಳ ಬೇರೆ ಪರೀಕ್ಷೆ ಬರೆಯಬಹುದು. ಅದನ್ನು ತಪ್ಪಿಸಬೇಡಿ.

ಕಬ್ಬಿಣ ಕಡಿಮೆ ಅಂತಾರೆ, ಫೆರಿಟಿನ್ ಜಾಸ್ತಿ ಅಂತಾರೆ. ಎರಡೂ ಹೇಗೆ ಸರಿ ಆಗುತ್ತೆ?

ಕಬ್ಬಿಣ ದೇಹದಲ್ಲಿದೆ, ಆದರೆ ಕೆಲಸಕ್ಕೆ ಸಿಗುತ್ತಿಲ್ಲ. ಈ ಒಂದು ಸಂಗತಿ ಅರ್ಥವಾದರೆ ಮುಂದಿನ ಅರ್ಧ ಪ್ರಶ್ನೆಗಳು ತಾವಾಗಿ ಬಗೆಹರಿಯುತ್ತವೆ.

ಹೊಸ ಕೆಂಪುಕಣಗಳಿಗೆ ದಿನಕ್ಕೆ 20ರಿಂದ 25 ಮಿಲಿಗ್ರಾಂ ಕಬ್ಬಿಣ ಬೇಕು. ಆಹಾರದಿಂದ ದೇಹ ಹೀರಿಕೊಳ್ಳುವುದು ಬರೀ 1ರಿಂದ 2 ಮಿಲಿಗ್ರಾಂ. ಉಳಿದದ್ದೆಲ್ಲ ಸತ್ತ ಹಳೆಯ ಕಣಗಳಿಂದ ಮರಳಿ ಬರಬೇಕು. ಗುಲ್ಮ ಮತ್ತು ಯಕೃತ್ತಿನ ಭಕ್ಷಕ ಕೋಶಗಳು ಮುದಿ ಕಣಗಳನ್ನು ನುಂಗಿ, ಕಬ್ಬಿಣ ಬಿಡಿಸಿ, ಫೆರೊಪೋರ್ಟಿನ್ ಎಂಬ ದ್ವಾರದ ಮೂಲಕ ರಕ್ತಕ್ಕೆ ಬಿಡುತ್ತವೆ. ಕರುಳಿನ ಕೋಶಗಳಿಂದ ಕಬ್ಬಿಣ ಹೊರಬರುವುದೂ ಇದೇ ಬಗೆಯ ದ್ವಾರದಿಂದ.

ಉರಿಯೂತದ ಇಂಟರ್‌ಲ್ಯೂಕಿನ್-6 ತಲುಪಿದೊಡನೆ ಯಕೃತ್ತು ಹೆಪ್ಸಿಡಿನ್ ಎಂಬ ಪುಟ್ಟ ಹಾರ್ಮೋನನ್ನು ಹೆಚ್ಚಾಗಿ ಸುರಿಸುತ್ತದೆ. ಹೆಪ್ಸಿಡಿನ್ ಫೆರೊಪೋರ್ಟಿನ್‌ಗೆ ಅಂಟಿ ಅದನ್ನೇ ನಾಶ ಮಾಡಿಸುತ್ತದೆ. ದ್ವಾರ ಹೋಯಿತು, ಕಬ್ಬಿಣ ಭಕ್ಷಕ ಕೋಶದೊಳಗೇ ಸಿಕ್ಕಿಬಿತ್ತು. ರಕ್ತದಲ್ಲಿ ಕಬ್ಬಿಣ ಇಳಿಯುತ್ತದೆ, ಅಸ್ಥಿಮಜ್ಜೆ ಹಸಿದಿರುತ್ತದೆ. ಇತ್ತ ಕೋಶದೊಳಗಿನ ದಾಸ್ತಾನು ಸೂಚಿಸುವ ಫೆರಿಟಿನ್ ಏರುತ್ತದೆ. ಫೆರಿಟಿನ್ ಉರಿಯೂತದಿಂದಲೂ ತಾನಾಗಿ ಏರುವ ಪ್ರೋಟೀನು, ಹೀಗಾಗಿ ದಾಸ್ತಾನು ಇಲ್ಲದಿದ್ದರೂ ಇರುವಂತೆ ತೋರಬಹುದು. ಹೆಪ್ಸಿಡಿನ್ ಬೆಳಕಿಗೆ ಬಂದದ್ದು 2000ದ ಆಸುಪಾಸಿನಲ್ಲಿ, ಅದು ಫೆರೊಪೋರ್ಟಿನ್ ಅನ್ನು ಹೇಗೆ ಕೆಡವುತ್ತದೆ ಎಂಬುದು ತಿಳಿದದ್ದು 2004ರಲ್ಲಿ. ಅದಕ್ಕೂ ಮೊದಲು ವೈದ್ಯರಿಗೆ ಈ ವಿಚಿತ್ರ ಕಾಣುತ್ತಿತ್ತು, ಕಾರಣ ಗೊತ್ತಿರಲಿಲ್ಲ. ದೇಹ ಹೀಗೇಕೆ ಮಾಡುತ್ತದೆ ಎಂದರೆ, ಸೋಂಕು ತಂದ ಸೂಕ್ಷ್ಮಜೀವಿಗಳಿಗೂ ಬೆಳೆಯಲು ಕಬ್ಬಿಣ ಬೇಕು. ಅದನ್ನು ಬಚ್ಚಿಡುವುದು ಹಳೆಯ ರಕ್ಷಣಾ ತಂತ್ರ. ರುಮಟಾಯ್ಡ್ ಸಂಧಿವಾತದಲ್ಲಿ ಸೂಕ್ಷ್ಮಜೀವಿ ಇಲ್ಲ, ತಂತ್ರ ಮಾತ್ರ ವರ್ಷಗಟ್ಟಲೆ ನಡೆಯುತ್ತಲೇ ಇರುತ್ತದೆ.

ಇನ್ನೆರಡು ಪೆಟ್ಟುಗಳೂ ಇವೆ. ಕೆಂಪುಕಣ ಹುಟ್ಟಿಸು ಎಂಬ ಆದೇಶ ಹೊತ್ತು ಮೂತ್ರಪಿಂಡದಿಂದ ಬರುವ ಎರಿಥ್ರೊಪೊಯೆಟಿನ್ ಎಂಬ ಹಾರ್ಮೋನು ರಕ್ತಹೀನತೆಗೆ ತಕ್ಕಷ್ಟು ಏರುವುದಿಲ್ಲ, ಏರಿದಷ್ಟಕ್ಕೂ ಅಸ್ಥಿಮಜ್ಜೆ ಸರಿಯಾಗಿ ಓಗೊಡುವುದಿಲ್ಲ. ಚುರುಕಾದ ಭಕ್ಷಕ ಕೋಶಗಳು ಕಣಗಳನ್ನು ಅವಧಿಗೆ ಮುಂಚೆಯೇ ನುಂಗುವುದರಿಂದ ಅವುಗಳ ಆಯಸ್ಸೂ ಸ್ವಲ್ಪ ಕುಗ್ಗುತ್ತದೆ.

ಹಾಗಾದ್ರೆ ನಿಜವಾಗಿ ಕಬ್ಬಿಣದ ಕೊರತೆ ಇದೆಯೋ ಇಲ್ಲವೋ ಹೇಗೆ ಗೊತ್ತಾಗೋದು?

ಉರಿಯೂತ ಇಲ್ಲದವರಲ್ಲಿ ಫೆರಿಟಿನ್ 30ಕ್ಕಿಂತ ಕೆಳಗಿದ್ದರೆ ಕೊರತೆ ಸ್ಪಷ್ಟ. ಉರಿಯೂತ ಇರುವವರಲ್ಲಿ ಅದು 100ಕ್ಕಿಂತ ಕಡಿಮೆಯಿದ್ದು, ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ (ರಕ್ತದಲ್ಲಿ ಕಬ್ಬಿಣ ಹೊರುವ ಪ್ರೋಟೀನು ಎಷ್ಟು ತುಂಬಿದೆ ಎಂಬ ಲೆಕ್ಕ) ಶೇ. 20ಕ್ಕಿಂತ ಕೆಳಗಿದ್ದರೆ ಕೊರತೆಯೂ ಬೆರೆತಿದೆ ಎಂದು ವೈದ್ಯರು ಸಂಶಯಿಸುತ್ತಾರೆ. ಇನ್ನೂ ಅನುಮಾನ ಉಳಿದರೆ ಕರಗುವ ಟ್ರಾನ್ಸ್‌ಫೆರಿನ್ ರಿಸೆಪ್ಟರ್ ಪರೀಕ್ಷೆ ನೆರವಿಗೆ ಬರುತ್ತದೆ. ಅದು ಉರಿಯೂತಕ್ಕೆ ಅಷ್ಟಾಗಿ ಅಲುಗುವುದಿಲ್ಲ. ಎರಡೂ ಬಗೆಯ ರಕ್ತಹೀನತೆ ಒಬ್ಬರಲ್ಲೇ ಇರುವುದು ಬಹಳ ಸಾಮಾನ್ಯ.

ಎಂಸಿವಿ, ಆರ್‌ಡಿಡಬ್ಲ್ಯು ಅಂತ ಇನ್ನೆರಡು ಸಾಲು ಇರುತ್ತಲ್ಲ, ಅವನ್ನೂ ನೋಡಬೇಕಾ?

ನೋಡಿ. ಎಂಸಿವಿ ಎಂದರೆ ಕಣದ ಸರಾಸರಿ ಗಾತ್ರ. ಉರಿಯೂತದ ರಕ್ತಹೀನತೆಯಲ್ಲಿ ಅದು ಸಾಧಾರಣವಾಗಿ ಮಾಮೂಲಿನಂತೆಯೇ ಇರುತ್ತದೆ. ಕಬ್ಬಿಣ ಕಡಿಮೆಯಾದರೆ ಕಣ ಚಿಕ್ಕದಾಗುತ್ತದೆ. ಫೋಲೇಟ್ ಅಥವಾ ಬಿ12 ಕಡಿಮೆಯಾದರೆ, ಇಲ್ಲವೇ ಈ ಕಾಯಿಲೆಗೆ ಕೊಡುವ ಮೆಥೊಟ್ರೆಕ್ಸೇಟ್, ಅಜಥಯೊಪ್ರಿನ್‌ಗಳಂಥ ಔಷಧಿಯಿಂದ, ದೊಡ್ಡದಾಗುತ್ತದೆ. ಆರ್‌ಡಿಡಬ್ಲ್ಯು ಕಣಗಳ ಗಾತ್ರದಲ್ಲಿ ಎಷ್ಟು ಏರುಪೇರಿದೆ ಎಂದು ಹೇಳುತ್ತದೆ. ಚಿಕ್ಕ ಕಣ, ದೊಡ್ಡ ಕಣ ಎರಡೂ ಬೆರೆತಿದ್ದರೆ ಸರಾಸರಿ ಸರಿಯಾಗಿಯೇ ಕಾಣುತ್ತದೆ, ಆರ್‌ಡಿಡಬ್ಲ್ಯು ಮಾತ್ರ ಏರಿ ಗುಟ್ಟು ಬಿಟ್ಟುಕೊಡುತ್ತದೆ.

ಸಕ್ಕರೆ ಕಾಯಿಲೆಯೂ ಇದೆ. ಮೂರು ತಿಂಗಳ ಸಕ್ಕರೆ ಪರೀಕ್ಷೆ ನಂಬಬಹುದಾ?

ಎಚ್‌ಬಿಎ1ಸಿ ಪರೀಕ್ಷೆ ಅಳೆಯುವುದು ಕೆಂಪುಕಣದ ಹಿಮೋಗ್ಲೋಬಿನ್‌ಗೆ ಅಂಟಿದ ಸಕ್ಕರೆಯನ್ನು. ಕಣ ಬೇಗ ಸತ್ತರೆ ಅಂಟಲು ಸಮಯ ಸಾಲದೆ ಅಂಕಿ ನಿಜಕ್ಕಿಂತ ಕಡಿಮೆ ಬರುತ್ತದೆ. ಕಬ್ಬಿಣದ ಕೊರತೆಯಲ್ಲಿ ನಿಜಕ್ಕಿಂತ ಹೆಚ್ಚು ಬರಬಹುದು. ರಕ್ತಹೀನತೆ ಇದ್ದರೆ ಬೆರಳ ತುದಿಯ ಪರೀಕ್ಷೆಯ ಅಂಕಿಗಳನ್ನೂ ಜೊತೆಗಿಟ್ಟು ನೋಡಬೇಕು. ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಊಟದ ನಂತರದ ಸಕ್ಕರೆ ಹೆಚ್ಚಾಗಿ ಏರುವುದರಿಂದ ಅವರಿಗೆ ಇದು ಇನ್ನೂ ಮುಖ್ಯ.

## ಔಷಧಿಯ ಪ್ರಶ್ನೆಗಳು

ಕಬ್ಬಿಣದ ಮಾತ್ರೆ ತಗೊಂಡ್ರೆ ಸಾಕಲ್ವಾ? ಆರು ತಿಂಗಳಿಂದ ನುಂಗ್ತಿದೀನಿ, ರಕ್ತ ಏರ್ತಿಲ್ಲ.

ಹೆಪ್ಸಿಡಿನ್ ಎತ್ತರದಲ್ಲಿರುವಾಗ ಕರುಳು ಹೀರಿದ ಕಬ್ಬಿಣವೂ ರಕ್ತಕ್ಕೆ ದಾಟುವುದಿಲ್ಲ. ಮಾತ್ರೆ ನುಂಗಿದ್ದಕ್ಕೆ ಸಿಗುವುದು ಮಲಬದ್ಧತೆ, ಹೊಟ್ಟೆ ತೊಳಸುವುದು ಇಷ್ಟೇ. ಆರು ತಿಂಗಳಾದರೂ ಏರದಿದ್ದರೆ ಮಾತ್ರೆಯ ಕಂಪನಿ ಬದಲಿಸಿ ಪ್ರಯೋಜನವಿಲ್ಲ, ಪ್ರಶ್ನೆಯನ್ನೇ ಬದಲಿಸಬೇಕು: ಕಾಯಿಲೆ ಹತೋಟಿಯಲ್ಲಿದೆಯೇ? ಉರಿಯೂತ ತಗ್ಗಿದರೆ ಹೆಪ್ಸಿಡಿನ್ ತಗ್ಗುತ್ತದೆ, ಸಿಕ್ಕಿಬಿದ್ದ ಕಬ್ಬಿಣ ತಾನಾಗಿ ಹೊರಬರುತ್ತದೆ. ಒಳ್ಳೆಯ ಸಂಧಿವಾತ ಚಿಕಿತ್ಸೆಯೇ ಇಲ್ಲಿ ಒಳ್ಳೆಯ ರಕ್ತಹೀನತೆಯ ಚಿಕಿತ್ಸೆ.

ನಿಜವಾದ ಕೊರತೆ ಇದ್ದವರಿಗೆ ಕಬ್ಬಿಣ ಖಂಡಿತ ಬೇಕು. ಮಾತ್ರೆ ಹಿಡಿಯದಿದ್ದರೆ ರಕ್ತನಾಳದ ಮೂಲಕವೂ ಕೊಡುತ್ತಾರೆ. ಹಿಂದೆ ಬಳಸುತ್ತಿದ್ದ ಐರನ್ ಡೆಕ್ಸ್‌ಟ್ರಾನ್ ಅನ್ನು ಒಂದೇ ಸಲ ದೊಡ್ಡ ಪ್ರಮಾಣದಲ್ಲಿ ಕೊಟ್ಟಾಗ ಕೆಲವು ರೋಗಿಗಳ ಕೀಲುಗಳು ಕೆರಳಿದ್ದು 1980ರ ದಶಕದಲ್ಲೇ ದಾಖಲಾಗಿದೆ. ಈಗಿನ ಔಷಧಿಗಳು ಬೇರೆ. ಆದರೂ ಕಾಯಿಲೆ ಉಲ್ಬಣದಲ್ಲಿರುವಾಗ ಅಥವಾ ಸೋಂಕು ಇರುವಾಗ ಇದಕ್ಕೆ ಆತುರಪಡದಿರುವುದು ಲೇಸು.

ಕೊರತೆ ಇದೆ ಎಂದಾದ ಮೇಲೆ ಅದು ಏಕೆ ಬಂತು ಎಂಬುದನ್ನೂ ಹುಡುಕಿಸಿ. ಐಬುಪ್ರೊಫೆನ್, ಡೈಕ್ಲೊಫೆನಾಕ್, ನ್ಯಾಪ್ರೊಕ್ಸೆನ್‌ನಂಥ ನೋವಿನ ಮಾತ್ರೆಗಳು ಜಠರ ಮತ್ತು ಕರುಳಿನಿಂದ ರಕ್ತ ಸೋರಿಸಬಲ್ಲವು, ಎಷ್ಟೋ ಸಲ ಹೊಟ್ಟೆನೋವೇ ಇಲ್ಲದೆ. ಸ್ಟೀರಾಯ್ಡ್ ಜೊತೆ ಸೇರಿದರೆ ಅಪಾಯ ಇನ್ನೂ ಹೆಚ್ಚು.

ಮೆಥೊಟ್ರೆಕ್ಸೇಟ್ ರಕ್ತ ಒಣಗಿಸುತ್ತಂತೆ. ಬಿಟ್ಟುಬಿಡ್ಲಾ?

ದಯವಿಟ್ಟು ನೀವಾಗಿ ಬಿಡಬೇಡಿ. ಸರಿಯಾದ ಪ್ರಮಾಣದಲ್ಲಿ, ಸರಿಯಾದ ನಿಗಾದಲ್ಲಿ ತೆಗೆದುಕೊಂಡವರಲ್ಲಿ ಬಹುಪಾಲು ಮಂದಿಯ ಹಿಮೋಗ್ಲೋಬಿನ್ ಏರುತ್ತದೆಯೇ ಹೊರತು ಇಳಿಯುವುದಿಲ್ಲ, ಏಕೆಂದರೆ ಉರಿಯೂತ ತಗ್ಗುತ್ತದೆ.

ಭಯಕ್ಕೆ ಆಧಾರವಿಲ್ಲ ಎಂದಲ್ಲ. ಈ ಔಷಧಿ ಫೋಲೇಟ್‌ನ ಹಾದಿಗೆ ಅಡ್ಡ ನಿಲ್ಲುತ್ತದೆ, ವೇಗವಾಗಿ ವಿಭಜಿಸುವ ಅಸ್ಥಿಮಜ್ಜೆಯ ಕೋಶಗಳಿಗೆ ಆ ಫೋಲೇಟ್ ಬೇಕೇ ಬೇಕು. ಅದಕ್ಕೇ ಜೊತೆಯಲ್ಲಿ ಫೋಲಿಕ್ ಆಸಿಡ್ ಬರೆಯುತ್ತಾರೆ, ಅದಕ್ಕೇ ನಿಯಮಿತವಾಗಿ ರಕ್ತ ಪರೀಕ್ಷೆ. ಅನಾಹುತಗಳು ಹೆಚ್ಚಾಗಿ ಆಗುವುದು ಮೂರು ದಾರಿಯಲ್ಲಿ. ವಾರಕ್ಕೊಮ್ಮೆ ತೆಗೆದುಕೊಳ್ಳಬೇಕಾದದ್ದನ್ನು ದಿನವೂ ನುಂಗುವುದು ಮೊದಲನೆಯದು, ಇದು ಪ್ರಾಣವನ್ನೇ ತೆಗೆಯಬಲ್ಲ ತಪ್ಪು. ಮೂತ್ರಪಿಂಡ ಸೋತಿರುವುದು ಗೊತ್ತಾಗದೆ ಅದೇ ಪ್ರಮಾಣ ಮುಂದುವರಿಸುವುದು ಎರಡನೆಯದು. ಬೇರೆ ಯಾವುದೋ ಸೋಂಕಿಗೆ ಟ್ರೈಮೆಥೊಪ್ರಿಮ್ ಇರುವ ಆಂಟಿಬಯಾಟಿಕ್ ಸೇರಿಸಿಕೊಳ್ಳುವುದು ಮೂರನೆಯದು. ಅದೂ ಫೋಲೇಟ್‌ಗೇ ಅಡ್ಡಿ, ಎರಡು ಸೇರಿದರೆ ಅಸ್ಥಿಮಜ್ಜೆ ನಿಂತುಹೋಗಬಹುದು. ಯಾವ ವೈದ್ಯರ ಬಳಿ ಹೋದರೂ, ಹಲ್ಲಿನ ವೈದ್ಯರೇ ಆಗಲಿ, ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುತ್ತಿದ್ದೇನೆ ಎಂದು ಮೊದಲೇ ಹೇಳಿ. ವಾರದ ಯಾವ ದಿನ ಎಂಬುದನ್ನು ಮಾತ್ರೆಯ ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿಡಿ.

ಬೇರೆ ಔಷಧಿಗಳು ಕೆಂಪುಕಣಕ್ಕೆ ಏನು ಮಾಡ್ತವೆ?

ಸಲ್ಫಸಲಜೀನ್ ಕೆಲವರಲ್ಲಿ ಕಣಗಳನ್ನು ಒಡೆಯುತ್ತದೆ, ಮುಖ್ಯವಾಗಿ ಜಿ6ಪಿಡಿ ಕಿಣ್ವ ಹುಟ್ಟಿನಿಂದಲೇ ಕಡಿಮೆ ಇರುವವರಲ್ಲಿ. ಜಗತ್ತಿನಲ್ಲಿ ಸುಮಾರು 40 ಕೋಟಿ ಜನರಿಗೆ ಈ ಕೊರತೆ ಇದೆ, ಬಹಳ ಮಂದಿಗೆ ಅದು ಗೊತ್ತೇ ಇರುವುದಿಲ್ಲ. ಮನೆಯಲ್ಲಿ ಯಾರಿಗಾದರೂ ಮಾತ್ರೆ ತಿಂದು ಕಾಮಾಲೆ ಬಂದಿದ್ದರೆ, ಮೂತ್ರ ಕಡುಗಂದು ಆಗಿದ್ದರೆ ಮೊದಲೇ ತಿಳಿಸಿ.

ಟೊಸಿಲಿಜುಮಾಬ್ ಇಂಟರ್‌ಲ್ಯೂಕಿನ್-6 ರ ದಾರಿಯನ್ನೇ ಮುಚ್ಚುತ್ತದೆ, ಆದ್ದರಿಂದ ಹೆಪ್ಸಿಡಿನ್ ಬೇಗ ಇಳಿದು ಹಿಮೋಗ್ಲೋಬಿನ್ ಚೆನ್ನಾಗಿ ಏರುತ್ತದೆ. ಕಬ್ಬಿಣವನ್ನು ಬಂಧಿಸಿದ್ದು ಯಾರು ಎಂಬುದಕ್ಕೆ ಇದಕ್ಕಿಂತ ನೇರ ಪುರಾವೆ ಬೇಕಿಲ್ಲ. ಒಂದು ಎಚ್ಚರ ಮಾತ್ರ ಇರಲಿ: ಈ ಔಷಧಿಯಲ್ಲಿರುವಾಗ ಗಂಭೀರ ಸೋಂಕು ಬಂದರೂ ಸಿಆರ್‌ಪಿ, ಇಎಸ್‌ಆರ್ ಏರದೆ ಇರಬಹುದು. ಟಿಎನ್‌ಎಫ್ ತಡೆಯುವ ಔಷಧಿಗಳಿಂದಲೂ ರಕ್ತ ಸುಧಾರಿಸುತ್ತದೆ.

ಟೊಫಾಸಿಟಿನಿಬ್, ಬ್ಯಾರಿಸಿಟಿನಿಬ್ ಮುಂತಾದವು ಜ್ಯಾಕ್ ತಡೆಗಳು, ಅಂದರೆ ಕೋಶದೊಳಗೆ ಸಂದೇಶ ದಾಟಿಸುವ ಜ್ಯಾಕ್ ಕಿಣ್ವಗಳನ್ನು ತಡೆಯುವ ಔಷಧಿಗಳು. ಇವುಗಳದ್ದು ಎರಡು ಮುಖ. ಉರಿಯೂತ ತಗ್ಗಿ ರಕ್ತ ಏರಬಹುದು. ಆದರೆ ಎರಿಥ್ರೊಪೊಯೆಟಿನ್‌ನ ಆದೇಶ ಅಸ್ಥಿಮಜ್ಜೆಯ ಕೋಶದೊಳಗೆ ಹೋಗುವುದೂ ಜ್ಯಾಕ್2 ಮೂಲಕವೇ, ಅದಕ್ಕೂ ಕೊಂಚ ಅಡ್ಡಿಯಾದರೆ ರಕ್ತ ಇಳಿಯಬಹುದು. ಹಿಮೋಗ್ಲೋಬಿನ್ 9ಕ್ಕಿಂತ ಕಡಿಮೆ ಇದ್ದರೆ ಟೊಫಾಸಿಟಿನಿಬ್ ಶುರು ಮಾಡುವುದಿಲ್ಲ.

ಒಂದೆರಡು ಬಾಟಲಿ ರಕ್ತ ಹಾಕಿಸಿಬಿಟ್ರೆ?

ಪ್ರಾಣಕ್ಕೆ ಅಪಾಯ ಇದ್ದಾಗ, ತೀವ್ರ ರಕ್ತಸ್ರಾವ ಆದಾಗ ಅದು ಜೀವ ಉಳಿಸುತ್ತದೆ. ಉರಿಯೂತದ ರಕ್ತಹೀನತೆಗೆ ಅದು ಪರಿಹಾರವಲ್ಲ. ಹಾಕಿದ ಕಣಗಳು ಸಾಯುತ್ತವೆ, ಅವುಗಳ ಕಬ್ಬಿಣವೂ ಅದೇ ಸೆರೆಗೆ ಸೇರುತ್ತದೆ. ಎರಿಥ್ರೊಪೊಯೆಟಿನ್ ಚುಚ್ಚುಮದ್ದನ್ನೂ ಹೆಪ್ಪುಗಟ್ಟುವ ಅಪಾಯದಿಂದಾಗಿ ಈ ಕಾಯಿಲೆಯಲ್ಲಿ ಮಾಮೂಲಾಗಿ ಕೊಡುವುದಿಲ್ಲ.

ಯಾವಾಗ ಮುಂದಿನ ತಪಾಸಣೆಯವರೆಗೆ ಕಾಯಬಾರದು?

ಮಲ ಡಾಂಬರಿನಂತೆ ಕಪ್ಪಾಗಿ ಅಂಟಂಟಾಗಿದ್ದರೆ (ಕಬ್ಬಿಣದ ಮಾತ್ರೆಯಿಂದಲೂ ಕಪ್ಪಾಗುತ್ತದೆ, ಆದರೆ ಅಷ್ಟು ಅಂಟು, ಅಷ್ಟು ದುರ್ವಾಸನೆ ಇರುವುದಿಲ್ಲ), ರಕ್ತ ವಾಂತಿಯಾದರೆ, ಎದೆನೋವು ಅಥವಾ ಕೂತಲ್ಲೇ ಏದುಸಿರು ಬಂದರೆ, ಕಣ್ಣು ಹಳದಿಯಾಗಿ ಮೂತ್ರ ಕಡುಬಣ್ಣಕ್ಕೆ ತಿರುಗಿದರೆ, ಬಾಯಿ ತುಂಬ ಹುಣ್ಣು, ಜ್ವರ, ಮೈಮೇಲೆ ಕಾರಣವಿಲ್ಲದೆ ನೀಲಿಗಟ್ಟುವುದು ಒಟ್ಟಿಗೆ ಕಂಡರೆ ಅದೇ ದಿನ ಹೋಗಿ.

## ಇನ್ನೂ ಆಳಕ್ಕೆ

ಕೆಂಪುಕಣ ಬರೀ ಪೆಟ್ಟು ತಿನ್ನೋದಾ, ಅಥವಾ ತಾನೂ ಕೀಲು ಹಾಳು ಮಾಡುತ್ತಾ?

ತಾನಾಗಿ ದಾಳಿ ಮಾಡುವುದಿಲ್ಲ, ಆದರೆ ತಪ್ಪಾದ ಜಾಗಕ್ಕೆ ಸೇರಿದರೆ ಹಾನಿ ಮಾಡುತ್ತದೆ. ದಪ್ಪವಾದ ಕೀಲು ಪೊರೆಗೆ ಆಮ್ಲಜನಕ ಸಾಲುವುದಿಲ್ಲ. ಆಗ ಅಲ್ಲಿ ಹೊಸ ರಕ್ತನಾಳಗಳು ಚಿಗುರುತ್ತವೆ, ಅವು ಸೋರುವಂಥವು, ದುರ್ಬಲವಾದವು. ಕೀಲು ಆಡಿದಾಗಲೆಲ್ಲ ಸೂಕ್ಷ್ಮವಾಗಿ ರಕ್ತ ಜಿನುಗುತ್ತದೆ. ಹೊರಬಿದ್ದ ಕಣ ಒಡೆದರೆ ಹಿಮೋಗ್ಲೋಬಿನ್ ಮತ್ತು ಕಬ್ಬಿಣ ಕೀಲಿನೊಳಗೆ ಉಳಿಯುತ್ತವೆ. ರುಮಟಾಯ್ಡ್ ಕೀಲು ಪೊರೆಯಲ್ಲಿ ಕಬ್ಬಿಣದ ಶೇಖರಣೆ ಕಾಣುವುದು ರೋಗಶಾಸ್ತ್ರಜ್ಞರಿಗೆ ಹಳೆಯ ಸಂಗತಿ.

ಕಬ್ಬಿಣ ಹೈಡ್ರೊಜನ್ ಪೆರಾಕ್ಸೈಡ್ ಜೊತೆ ಸೇರಿದರೆ ಹೈಡ್ರಾಕ್ಸಿಲ್ ರ್‍ಯಾಡಿಕಲ್ ಹುಟ್ಟುತ್ತದೆ. ಹೆನ್ರಿ ಫೆಂಟನ್ 1894ರಲ್ಲಿ ವಿವರಿಸಿದ ರಾಸಾಯನಿಕ ಕ್ರಿಯೆ ಇದಕ್ಕೆ ಬುನಾದಿ. ಉರಿಯೂತದ ಕೀಲಿನಲ್ಲಿ ಪೆರಾಕ್ಸೈಡ್‌ಗೆ ಬರವಿಲ್ಲ. ಹೀಗೆ ಹುಟ್ಟಿದ ರ್‍ಯಾಡಿಕಲ್ ಕೊಬ್ಬನ್ನೂ ಪ್ರೋಟೀನನ್ನೂ ಮೃದ್ವಸ್ಥಿಯನ್ನೂ ಸುಡುತ್ತದೆ. ಕೀಲಿನೊಳಗಿನ ರಕ್ತ ಎಷ್ಟು ಕೆಡುಕು ಮಾಡಬಲ್ಲದು ಎಂಬುದನ್ನು ಹಿಮೋಫಿಲಿಯಾ (ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ) ಇರುವವರ ಮೊಣಕಾಲುಗಳು ತೋರಿಸುತ್ತವೆ, ಅಲ್ಲಿ ರೋಗನಿರೋಧಕ ವ್ಯವಸ್ಥೆಯ ದಾಳಿ ಇಲ್ಲದೆಯೂ ಕೀಲು ನಾಶವಾಗುತ್ತದೆ. ರಕ್ತದಲ್ಲಿ ಕಬ್ಬಿಣದ ಬರ, ಕೀಲಿನಲ್ಲಿ ಕಬ್ಬಿಣದ ಹೊರೆ: ಎರಡೂ ಒಂದೇ ವ್ಯಕ್ತಿಯಲ್ಲಿ, ಒಂದೇ ಹೊತ್ತಿನಲ್ಲಿ.

ಕಣಗಳ ಆಕಾರವೇ ಬದಲಾಗುತ್ತೆ, ಅದರಿಂದ ಹೃದಯಕ್ಕೆ ತೊಂದರೆ ಅಂತ ಓದಿದೆ. ನಿಜಾನಾ?

ಕೆಂಪುಕಣ ತನಗಿಂತ ಕಿರಿದಾದ ಲೋಮನಾಳದಲ್ಲಿ ಮಡಿಚಿಕೊಂಡು ನುಸುಳಬೇಕು. ಗುಲ್ಮದಲ್ಲಂತೂ ಇನ್ನೂ ಇಕ್ಕಟ್ಟಿನ ಸಂದುಗಳಿವೆ. ಉರಿಯೂತದಲ್ಲಿ ಕಣದ ಪೊರೆಯ ಕೊಬ್ಬು ಮತ್ತು ಪ್ರೋಟೀನು ಉತ್ಕರ್ಷಣೆಗೆ ಸಿಕ್ಕಿ ಗಡುಸಾಗುತ್ತವೆ, ಬಾಗುವ ಗುಣ ಕುಗ್ಗುತ್ತದೆ. ರುಮಟಾಯ್ಡ್ ಸಂಧಿವಾತ ಇರುವವರ ಕಣಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಆಕಾರ ಕೆಟ್ಟಿರುವುದು ಕಾಣುತ್ತದೆ.

ಸಾಯುವ ಹಂತಕ್ಕೆ ಬಂದ ಕಣ ತನ್ನ ಪೊರೆಯ ಒಳಪದರದ ಫಾಸ್ಫಟಿಡೈಲ್‌ಸೆರೀನ್ ಎಂಬ ಕೊಬ್ಬನ್ನು ಹೊರಕ್ಕೆ ತಿರುಗಿಸುತ್ತದೆ. ಭಕ್ಷಕ ಕೋಶಗಳಿಗೆ ಅದು "ನನ್ನನ್ನು ತೆಗೆದುಹಾಕು" ಎಂಬ ಸೂಚನೆ, ಹೆಪ್ಪುಗಟ್ಟಿಸುವ ಪ್ರೋಟೀನುಗಳಿಗೆ ಕೂರಲು ಜಾಗ. ಹೆಚ್ಚಿದ ಫೈಬ್ರಿನೊಜೆನ್ ಕಣಗಳನ್ನು ಪೇರಿಸಿ ರಕ್ತವನ್ನು ಮಂದ ಮಾಡುತ್ತದೆ. ಇದೆಲ್ಲ ಹೃದಯದ ಅಪಾಯದಲ್ಲಿ ಎಷ್ಟು ಪಾಲು ಎಂದು ಬೇರ್ಪಡಿಸಿ ಅಳೆಯುವುದು ಕಷ್ಟ, ರಕ್ತನಾಳದ ಗೋಡೆಯ ಉರಿಯೂತದ ಪಾಲು ಬಹಳ ದೊಡ್ಡದು. ಅಪಾಯ ಹೆಚ್ಚಿರುವುದರಲ್ಲಿ ಮಾತ್ರ ಅನುಮಾನವಿಲ್ಲ. ಯುರೋಪಿನ ಸಂಧಿವಾತ ತಜ್ಞರ ಒಕ್ಕೂಟ, ಸಾಮಾನ್ಯ ಸೂತ್ರದಿಂದ ಬಂದ ಹೃದಯರೋಗದ ಅಪಾಯವನ್ನು ರುಮಟಾಯ್ಡ್ ಸಂಧಿವಾತ ಇದ್ದವರಲ್ಲಿ 1.5ರಿಂದ ಗುಣಿಸಲು ಹೇಳಿದೆ. ಬಿಪಿ, ಕೊಲೆಸ್ಟರಾಲ್, ಧೂಮಪಾನದ ಮಾತು ಬಂದಾಗ "ನನಗೆ ಇರೋದು ಕೀಲುನೋವು" ಎಂದು ತಳ್ಳಿಹಾಕಬೇಡಿ.

ಕೆಂಪುಕಣಕ್ಕೂ ರೋಗನಿರೋಧಕ ಕೆಲಸ ಇದೆ ಅಂತಾರಲ್ಲ, ಅದೇನು?

ಪ್ರತಿಕಾಯವೂ ಅದು ಹಿಡಿದ ವಸ್ತುವೂ ಸೇರಿದ ಗಂಟುಗಳು ರಕ್ತದಲ್ಲಿ ಸುತ್ತುತ್ತಿರುತ್ತವೆ. ಕೆಂಪುಕಣದ ಮೇಲೆ ಸಿಆರ್1 ಎಂಬ ಗ್ರಾಹಿ ಇದೆ. ರೋಗನಿರೋಧಕ ವ್ಯವಸ್ಥೆಯ ಕಾಂಪ್ಲಿಮೆಂಟ್ ಎಂಬ ಪ್ರೋಟೀನು ಮೆತ್ತಿದ ಗಂಟು ಅದಕ್ಕೆ ಅಂಟಿಕೊಳ್ಳುತ್ತದೆ. ಕಣ ಅದನ್ನು ಯಕೃತ್ತು, ಗುಲ್ಮಗಳಿಗೆ ಒಯ್ದು ಭಕ್ಷಕ ಕೋಶಗಳಿಗೆ ಒಪ್ಪಿಸಿ ಬರಿಗೈಲಿ ಮರಳುತ್ತದೆ. ಒಂದು ಕಣದ ಮೇಲಿನ ಗ್ರಾಹಿಗಳು ಕೆಲವೇ ನೂರು, ಆದರೆ ಕಣಗಳ ಸಂಖ್ಯೆ ಅಪಾರವಾದ್ದರಿಂದ ರಕ್ತದಲ್ಲಿರುವ ಸಿಆರ್1ರ ಬಹುಪಾಲು ಕೆಂಪುಕಣಗಳ ಮೇಲೆಯೇ ಇದೆ. ದೇಹ ತನ್ನ ಮೇಲೇ ದಾಳಿ ಮಾಡುವ ಇನ್ನೊಂದು ಕಾಯಿಲೆಯಾದ ಲೂಪಸ್‌ನಲ್ಲಿ ಈ ಗ್ರಾಹಿ ಕಡಿಮೆಯಾಗುವುದು ಚೆನ್ನಾಗಿ ತಿಳಿದ ವಿಷಯ, ರುಮಟಾಯ್ಡ್ ಸಂಧಿವಾತದಲ್ಲೂ ಇಳಿಕೆ ಕಂಡುಬಂದಿದೆ. ಸಾಗಣೆ ಕುಂಟಿದರೆ ಗಂಟುಗಳು ಅಂಗಾಂಶಗಳಲ್ಲಿ ಕೂತು ಉರಿಯೂತ ಹೊತ್ತಿಸಬಹುದು. ಇದಲ್ಲದೆ ಡಫಿ ಎಂಬ ಇನ್ನೊಂದು ಪ್ರೋಟೀನಿನಿಂದ ಕೆಂಪುಕಣ ಕೀಮೊಕೈನ್‌ಗಳೆಂಬ ಉರಿಯೂತದ ಸಂದೇಶ ಪ್ರೋಟೀನುಗಳನ್ನು ಹಿಡಿದಿಟ್ಟು, ರಕ್ತದಲ್ಲಿ ಅವುಗಳ ಮಟ್ಟವನ್ನು ಹದದಲ್ಲಿಡಲು ನೆರವಾಗುತ್ತದೆ.

ದೇಹ ತನ್ನದೇ ಕೆಂಪುಕಣಗಳ ಮೇಲೂ ದಾಳಿ ಮಾಡುತ್ತಾ?

ಅಪರೂಪಕ್ಕೆ. ಹಿಮೋಗ್ಲೋಬಿನ್ ದಿಢೀರನೆ ಇಳಿದು, ಎಳೆಯ ಕಣಗಳ ಎಣಿಕೆ, ಕಾಮಾಲೆಯಲ್ಲಿ ಹೆಚ್ಚುವ ಬಿಲಿರುಬಿನ್, ಕಣದೊಳಗಿನ ಎಲ್‌ಡಿಎಚ್ ಎಂಬ ಕಿಣ್ವ ಏರಿದರೆ ಕಣಗಳು ಒಡೆಯುತ್ತಿವೆ ಎಂದರ್ಥ. ಪ್ರತಿಕಾಯವೇ ಕಾರಣವೇ ಎಂದು ತಿಳಿಯಲು 1945ರಿಂದ ಬಳಕೆಯಲ್ಲಿರುವ ಕೂಂಬ್ಸ್ ಪರೀಕ್ಷೆ ಮಾಡುತ್ತಾರೆ. ಒಡೆತವನ್ನು ಗುರುತಿಸುವ ಹ್ಯಾಪ್ಟೊಗ್ಲೋಬಿನ್ ಪರೀಕ್ಷೆ ಇಲ್ಲಿ ಮೋಸ ಮಾಡಬಲ್ಲದು: ಕಣ ಒಡೆದರೆ ಅದು ಇಳಿಯಬೇಕು, ಉರಿಯೂತ ಅದನ್ನು ಏರಿಸುತ್ತದೆ, ಕೊನೆಗೆ ವರದಿ ಮಾಮೂಲಾಗಿ ಕಾಣಬಹುದು.

ರುಮಟಾಯ್ಡ್ ಫ್ಯಾಕ್ಟರ್ ಪರೀಕ್ಷೆಗೆ ಮೊದಲು ಕುರಿ ರಕ್ತ ಬಳಸ್ತಿದ್ರಂತೆ, ಹೌದಾ?

ಹೌದು. 1940ರಲ್ಲಿ ನಾರ್ವೆಯ ಎರಿಕ್ ವಾಲರ್, ಮೊಲದ ಪ್ರತಿಕಾಯ ಲೇಪಿಸಿದ ಕುರಿಯ ಕೆಂಪುಕಣಗಳು ಸಂಧಿವಾತ ರೋಗಿಯೊಬ್ಬರ ರಕ್ತದ ಸೀರಮ್ ಸೇರಿದೊಡನೆ ಗುಂಪುಗಟ್ಟುವುದನ್ನು ಕಂಡರು. 1948ರಲ್ಲಿ ಅಮೆರಿಕದ ಹ್ಯಾರಿ ರೋಸ್ ಮತ್ತು ಸಂಗಡಿಗರು ಅದೇ ಸಂಗತಿಯನ್ನು ಸ್ವತಂತ್ರವಾಗಿ ಗುರುತಿಸಿದರು. ಗುಂಪುಗಟ್ಟಿಸುತ್ತಿದ್ದದ್ದು ಪ್ರತಿಕಾಯಕ್ಕೇ ಅಂಟುವ ಪ್ರತಿಕಾಯ, ಅದೇ ರುಮಟಾಯ್ಡ್ ಫ್ಯಾಕ್ಟರ್. ವಾಲರ್–ರೋಸ್ ಪರೀಕ್ಷೆ ದಶಕಗಳ ಕಾಲ ಬಳಕೆಯಲ್ಲಿತ್ತು. ಈಗ ಬೇರೆ ವಿಧಾನಗಳು ಬಂದಿವೆ.

ಮುಂದೆ ಕೆಂಪುಕಣ ನೋಡಿ ಔಷಧಿ ಸರಿಯಾಗಿ ಕೆಲಸ ಮಾಡ್ತಿದೆಯಾ ಅಂತ ಹೇಳೋಕಾಗುತ್ತಾ?

ಮೆಥೊಟ್ರೆಕ್ಸೇಟ್ ವಿಷಯದಲ್ಲಿ ಇದನ್ನು ಆಗಲೇ ಪ್ರಯತ್ನಿಸುತ್ತಿದ್ದಾರೆ. ನುಂಗಿದ ಔಷಧಿ ರಕ್ತದ ದ್ರವಭಾಗದಿಂದ ಕೆಲವೇ ಗಂಟೆಗಳಲ್ಲಿ ಮಾಯವಾಗುತ್ತದೆ. ಆದರೆ ಅಸ್ಥಿಮಜ್ಜೆಯಲ್ಲಿ ಬೆಳೆಯುತ್ತಿರುವ ಎಳೆಯ ಕಣಗಳೊಳಗೆ ಹೊಕ್ಕು, ಪಾಲಿಗ್ಲುಟಮೇಟ್ ರೂಪ ತಾಳಿ, ಕಣ ಸಾಯುವವರೆಗೂ ಅಲ್ಲೇ ಉಳಿಯುತ್ತದೆ. ಹಾಗಾಗಿ ಕೆಂಪುಕಣದಲ್ಲಿನ ಅದರ ಮಟ್ಟ ಅಳೆದರೆ ಹಿಂದಿನ ಕೆಲವು ತಿಂಗಳುಗಳಲ್ಲಿ ದೇಹಕ್ಕೆ ಔಷಧಿ ಎಷ್ಟು ಸೇರಿದೆ ಎಂಬ ಅಂದಾಜು ಸಿಗುತ್ತದೆ. ಔಷಧಿ ಶುರು ಮಾಡಿದ ಮೇಲೆ ಈ ಮಟ್ಟ ಸ್ಥಿರವಾಗಲು ತಿಂಗಳುಗಳೇ ಹಿಡಿಯುತ್ತವೆ. ಪ್ರಮಾಣ ಬದಲಿಸಲು ಇದೊಂದನ್ನೇ ನೆಚ್ಚಿಕೊಳ್ಳುವ ಪದ್ಧತಿ ಇನ್ನೂ ಬಂದಿಲ್ಲ. ಸದ್ಯಕ್ಕೆ ಕೀಲಿನ ಪರೀಕ್ಷೆ, ನಿಮ್ಮ ಮಾತು, ಇಎಸ್‌ಆರ್ ಅಥವಾ ಸಿಆರ್‌ಪಿ, ಜೊತೆಗೆ ಹಿಮೋಗ್ಲೋಬಿನ್, ಇವುಗಳನ್ನು ಒಟ್ಟಿಗಿಟ್ಟುಕೊಂಡೇ ವೈದ್ಯರು ತೀರ್ಮಾನಿಸುತ್ತಾರೆ. ಹಳೆಯ ವರದಿಗಳನ್ನು ಎಸೆಯದೆ ತಾರೀಕಿನ ಪ್ರಕಾರ ಜೋಡಿಸಿಟ್ಟು ಪ್ರತಿ ತಪಾಸಣೆಗೂ ಒಯ್ಯಿರಿ. ಒಂದು ದಿನದ ಅಂಕಿ ಕಾಣಿಸದ ಏರಿಳಿತ ಒಂದು ವರ್ಷದ ಅಂಕಿಗಳಲ್ಲಿ ಕಾಣುತ್ತದೆ.